ಅಮ್ಮನ ಮಣೆ ಮತ್ತು ಮಿಲಿಮೀಟರು

ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಮೊದಲ ವಾರದಲ್ಲೇ ಯಾರಾದರೊಬ್ಬಳು ಎದ್ದು ನಿಂತು ಕೇಳುತ್ತಾಳೆ: "ಮೇಡಂ, ನಾವು ಸೇರಿರುವುದು ಇಂಟೀರಿಯರ್‌ಗೆ. ನಮಗೇಕೆ ಬೇಸಿಕ್ ಕಂಪ್ಯೂಟರ್?" ಆ ದನಿಯಲ್ಲಿ ಉಡಾಫೆ ಇರುವುದಿಲ್ಲ, ಅಳುಕು ಇರುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿಸಿ ನೇರವಾಗಿ ಮೂರು ವರ್ಷದ ಒಳಾಂಗಣ ವಿನ್ಯಾಸದ ಡಿಪ್ಲೊಮಾಗೆ ಬಂದ ಹದಿನಾರರ ಹುಡುಗಿಯರು ಇವರು. ಬಣ್ಣ, ಪರದೆ, ಸೋಫಾ, ಹೂದಾನಿ ಎಂದುಕೊಂಡು ಬಂದಿರುತ್ತಾರೆ. ವೇಳಾಪಟ್ಟಿಯಲ್ಲಿ ಕಂಪ್ಯೂಟರ್ ಲ್ಯಾಬ್ ಎಂಬುದನ್ನು ಕಂಡ ಕೂಡಲೇ ಮುಖ ಸಣ್ಣದಾಗುತ್ತದೆ. ಹೆಚ್ಚಿನವರ ಮನೆಯಲ್ಲಿ ಮೊಬೈಲ್ ಇದೆ, ಕಂಪ್ಯೂಟರ್ ಇಲ್ಲ.

ನಮ್ಮಲ್ಲಿ ಎರಡನ್ನೂ ಕಲಿಸುವುದು ನಾನೇ. ಬೆಳಿಗ್ಗೆ ಡ್ರಾಯಿಂಗ್ ಹಾಲ್, ಮಧ್ಯಾಹ್ನ ಲ್ಯಾಬ್. ಅದೇ ಹುಡುಗಿಯರು ಬೆಳಿಗ್ಗೆ ಬೋರ್ಡಿನ ಮೇಲೆ ಬಗ್ಗಿ ಪೆನ್ಸಿಲಿನಿಂದ ಕೂದಲೆಳೆಯಷ್ಟು ತೆಳುವಾದ ಗೆರೆ ಎಳೆಯುತ್ತಾರೆ, ಮಧ್ಯಾಹ್ನ ಮೌಸ್ ಹಿಡಿದು ನಡುಗುತ್ತಾರೆ. ಕಳೆದ ವರ್ಷದ ಒಂದು ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. ಒಬ್ಬ ಹುಡುಗಿ ಪರದೆಯ ಮೂಲೆಯಲ್ಲಿದ್ದ ಚಿತ್ರದತ್ತ ಬಾಣವನ್ನು ತಳ್ಳುತ್ತಾ ತಳ್ಳುತ್ತಾ ಹೋದಳು. ಮೌಸ್ ಮೇಜಿನ ಅಂಚು ಮುಟ್ಟಿತು. ಬಾಣ ಇನ್ನೂ ಅರ್ಧ ದಾರಿಯಲ್ಲಿತ್ತು. ಅವಳು ಹಾಗೆಯೇ ಕೈ ಚಾಚಿ ನಿಂತುಬಿಟ್ಟಳು, ಬಸ್ಸಿನ ಕಂಬಿ ಹಿಡಿದು ನಿಂತವರ ಹಾಗೆ. "ಎತ್ತಿ ಈಚೆಗೆ ಇಟ್ಟುಕೋ" ಎಂದೆ. ಎತ್ತಬಹುದೇ ಎಂಬಂತೆ ನನ್ನ ಮುಖ ನೋಡಿದಳು. ಎತ್ತಿ ಇಟ್ಟಾಗ ಬಾಣ ಇದ್ದಲ್ಲೇ ಇತ್ತು. ಅವಳ ಮುಖದಲ್ಲಿ ಆಗ ಮೂಡಿದ ನಿರಾಳವನ್ನು ನೋಡಿದವರು ಯಾರೂ ಬೇಸಿಕ್ ಕಂಪ್ಯೂಟರನ್ನು ಸಣ್ಣ ವಿಷಯ ಎನ್ನಲಾರರು.

ಆ ಅಳುಕು ನನಗೆ ಹೊಸದಲ್ಲ. ನಾನು ಇದೇ ಡಿಪ್ಲೊಮಾಗೆ ಸೇರಿದ್ದು 1998ರಲ್ಲಿ. ಡ್ರಾಯಿಂಗ್ ಬೋರ್ಡು, ಟಿ-ಸ್ಕ್ವೇರ್, ಬಟರ್ ಪೇಪರ್. ಟ್ರೇಸಿಂಗ್ ಶೀಟಿನ ಮೇಲೆ ಶಾಯಿಯ ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ನಯವಾಗಿ ಕೆರೆದು ತೆಗೆಯುವುದು. ಆ ಕೆಲಸದಲ್ಲಿ ನನ್ನ ಕೈ ಒಳ್ಳೆಯದು ಎಂದು ಹೆಸರಾಗಿತ್ತು. ಕಂಪ್ಯೂಟರ್ ಎಂಬುದೂ ಒಂದು ವಿಷಯವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ಪರದೆ ಸರಿಸಿ, ತಣ್ಣಗಿನ ಕೋಣೆಯೊಳಗೆ ಹೋಗಿ ಒಂದು ಯಂತ್ರದ ಮುಂದೆ ನಾಲ್ವರು ನಿಲ್ಲುತ್ತಿದ್ದೆವು. ಕೀಲಿಮಣೆ ಸಿಗುತ್ತಿದ್ದದ್ದು ಯಾವಾಗಲೂ ಮುಂದೆ ಕೂತವಳಿಗೆ. ನಾನು ಹಿಂದೆ ನಿಂತು ನೋಟ್ಸ್ ಬರೆದುಕೊಂಡೆ. ಕಂಪ್ಯೂಟರಿನ ಮೊದಲ ತಲೆಮಾರಿಗೆ ನಿರ್ವಾತ ಕೊಳವೆ, ಎರಡನೆಯದಕ್ಕೆ ಟ್ರಾನ್ಸಿಸ್ಟರ್, ಮೂರನೆಯದಕ್ಕೆ ಇಂಟಿಗ್ರೇಟೆಡ್ ಸರ್ಕ್ಯೂಟ್. ಇನ್‌ಪುಟ್ ಸಾಧನಗಳು ಯಾವುವು, ಔಟ್‌ಪುಟ್ ಸಾಧನಗಳು ಯಾವುವು. ಒಳ್ಳೆಯ ಅಂಕವೇ ಬಂತು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ ಹೊರಬಂದದ್ದು 1982ರ ಡಿಸೆಂಬರಿನಲ್ಲಿ. ನಾನು ಹುಟ್ಟಿದ್ದೂ ಅದೇ ವರ್ಷ. ನಮ್ಮಿಬ್ಬರಿಗೂ ಹದಿನಾರು ತುಂಬಿದ್ದರೂ ಒಬ್ಬರನ್ನೊಬ್ಬರು ಭೇಟಿಯಾಗಿರಲಿಲ್ಲ.

ಭೇಟಿಯಾದದ್ದು 2001ರಲ್ಲಿ, ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ. ಮಾಲೀಕರು ಒಂದು ಫ್ಲಾಪಿ ಕೊಟ್ಟು, ಮಲಗುವ ಕೋಣೆಯ ಬಾಗಿಲನ್ನು ಸರಿಸಿ ಅರ್ಧ ಗಂಟೆಯಲ್ಲಿ ಗ್ರಾಹಕರಿಗೆ ಮೇಲ್ ಮಾಡಬೇಕು ಎಂದರು. ಬಾಗಿಲು ಯಾಕೆ ಸರಿಯಬೇಕು ಎಂಬುದು ನನಗೆ ನಕ್ಷೆ ನೋಡಿದೊಡನೆ ಗೊತ್ತಾಯಿತು. ಅದು ತೆರೆದರೆ ವಾರ್ಡ್‌ರೋಬಿನ ಬಾಗಿಲಿಗೆ ಹೊಡೆಯುತ್ತದೆ, ಆರು ಇಂಚು ಎಡಕ್ಕೆ ಹೋದರೆ ಎರಡೂ ಸಲೀಸಾಗಿ ತೆರೆಯುತ್ತವೆ. ಆದರೆ ಆ ಕಡತವನ್ನು ತೆರೆಯುವುದು ನನಗೆ ಗೊತ್ತಿರಲಿಲ್ಲ. ನಕ್ಷೆ ಓದಲು ಬಾರದ, ಯಂತ್ರ ಮಾತ್ರ ಬಲ್ಲ ಒಬ್ಬ ಸಹೋದ್ಯೋಗಿ ನನ್ನ ಪಕ್ಕದಲ್ಲಿ ಕೂತ. ನಾನು ಹೇಳಿದೆ, ಅವನು ಸರಿಸಿದ. ನಕ್ಷೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಚೌಕಟ್ಟು ಇರುತ್ತದೆ: ಯೋಜನೆಯ ಹೆಸರು, ಅಳತೆಯ ಪ್ರಮಾಣ, ತಾರೀಖು, ಬರೆದವರು. ಬರೆದವರ ಜಾಗದಲ್ಲಿ ಅವನ ಹೆಸರು ಬಿತ್ತು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ತನ್ನ ಕೆಲಸ ಮಾಡಿದ. ಆದರೆ ಮುಂದಿನ ಎಂಟು ತಿಂಗಳು ನಾನು ಲ್ಯಾಮಿನೇಟ್ ಮಾದರಿಗಳ ಭಾರದ ಚೀಲ ಹೊತ್ತು ಸೈಟಿನಿಂದ ಸೈಟಿಗೆ ಅಲೆದೆ. ಸಂಜೆ ತರಗತಿಗೆ ಹೋಗಿ, ಮೊದಲಿನಿಂದ, ಕಡತ ಎಂದರೇನು ಎಂಬಲ್ಲಿಂದ ಕಲಿತೆ.

ಆದ್ದರಿಂದ ನನ್ನ ಲ್ಯಾಬಿನಲ್ಲಿ ತಲೆಮಾರುಗಳ ಪಾಠ ಕೊನೆಗೆ. ಪರೀಕ್ಷೆಯಲ್ಲಿ ಕೇಳುತ್ತಾರೆ, ಓದಿಸುತ್ತೇನೆ, ಒಂದು ಮಧ್ಯಾಹ್ನ ಸಾಕು. ಮೊದಲ ಎರಡು ವಾರ ಒಂದೇ ಅಭ್ಯಾಸ: ಕಡತ ಮಾಡು, ಹೆಸರಿಡು, ಉಳಿಸು, ಮುಚ್ಚು, ಎದ್ದು ಹೊರಗೆ ಹೋಗಿ ನೀರು ಕುಡಿದು ಬಾ, ಬೇರೆ ಯಂತ್ರದಲ್ಲಿ ಕೂತು ಅದನ್ನೇ ಹುಡುಕಿ ತೆರೆ. ಮೊಬೈಲ್ ಈ ಮಕ್ಕಳಿಂದ ಮುಚ್ಚಿಟ್ಟಿರುವುದು ಇದನ್ನೇ. ಅದರಲ್ಲಿ ಫೋಟೊ ಎಲ್ಲಿದೆ ಎಂದು ಕೇಳಿದರೆ "ಗ್ಯಾಲರಿಯಲ್ಲಿ" ಎನ್ನುತ್ತಾರೆ. ಅದು ನಿಜವಾಗಿ ಯಾವ ಜಾಗದಲ್ಲಿದೆ, ಅದರ ಹೆಸರೇನು, ಗಾತ್ರವೆಷ್ಟು ಎಂದು ಕೇಳಬೇಕಾದ ಅಗತ್ಯವೇ ಅವರಿಗೆ ಬಂದಿಲ್ಲ. ಮನೆಯಲ್ಲಾದರೆ ಹೀಗಿಲ್ಲ. ಬೆಲ್ಲದ ಡಬ್ಬಿ ಎಲ್ಲಿದೆ, ಬಾಣಂತಿ ಸಾಮಾನು ಅಟ್ಟದ ಯಾವ ಮೂಲೆಯಲ್ಲಿದೆ ಎಂದು ಕತ್ತಲಲ್ಲೂ ಕೈಯಿಟ್ಟು ತೆಗೆಯಬಲ್ಲರು. ಫೋಲ್ಡರ್ ಎಂದರೆ ಅಟ್ಟ, ಅದರೊಳಗಿನ ಫೋಲ್ಡರ್ ಎಂದರೆ ಅಟ್ಟದ ಮೇಲಿನ ಟ್ರಂಕು ಎಂದು ಹೇಳಿದ ದಿನ ಇಡೀ ತರಗತಿ ತಲೆಯಾಡಿಸಿತು. ಊರು, ಕೋಣೆ, ತಾರೀಖು, ಈ ಕ್ರಮದಲ್ಲಿ ಹೆಸರಿಡುವುದನ್ನು ಅಂದಿನಿಂದ ಯಾರೂ ಮರೆತಿಲ್ಲ.

ನಿಜವಾದ ಗಂಟು ಬರುವುದು ಎರಡನೇ ಸೆಮಿಸ್ಟರಿನ ಹೊತ್ತಿಗೆ, ಬೋರ್ಡಿನ ಮೇಲಿನ ಗೆರೆ ಪರದೆಗೆ ಹೋಗುವಾಗ. ಕಾಗದದ ಮೇಲೆ ನಾವು ಕೋಣೆಯನ್ನು ಕುಗ್ಗಿಸಿ ಬರೆಯುತ್ತೇವೆ. 3000 ಮಿಲಿಮೀಟರ್ ಅಗಲ, 3600 ಮಿಲಿಮೀಟರ್ ಉದ್ದದ ಕೋಣೆ 1:50 ಪ್ರಮಾಣದಲ್ಲಿ ಕಾಗದದ ಮೇಲೆ 60ಕ್ಕೆ 72 ಮಿಲಿಮೀಟರ್ ಆಗುತ್ತದೆ. ಮೊದಲ ಆರು ತಿಂಗಳು ಈ ಭಾಗಾಕಾರವನ್ನು ಬೆರಳ ತುದಿಗೆ ತಂದಿರುತ್ತೇವೆ. ಕಂಪ್ಯೂಟರಿನಲ್ಲಿ ಹಾಗಲ್ಲ. ಅಲ್ಲಿ ಕೋಣೆ ಎಷ್ಟಿದೆಯೋ ಅಷ್ಟನ್ನೇ ಬರೆಯಬೇಕು, ಮೂರು ಸಾವಿರ ಎಂದರೆ ಮೂರು ಸಾವಿರ. ಕುಗ್ಗಿಸುವುದು ಮುದ್ರಿಸುವಾಗ ಮಾತ್ರ. ಒಬ್ಬ ಹುಡುಗಿ, ತುಂಬಾ ಜಾಣೆ, ಅಭ್ಯಾಸಬಲದಿಂದ 60, 72 ಎಂದೇ ಬರೆದಳು. ಆಮೇಲೆ ನಿಯಮದಂತೆ 1:50ರಲ್ಲಿ ಮುದ್ರಣಕ್ಕೆ ಕೊಟ್ಟಳು. ಎರಡು ಸಲ ಕುಗ್ಗಿದ ಕೋಣೆ ಕಾಗದದ ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಬಂತು. ಅವಳು ಅದನ್ನು ಕೊಳೆ ಎಂದುಕೊಂಡು ದುಪಟ್ಟಾದ ತುದಿಯಿಂದ ಒರೆಸಿದಳು. ನಾನು ಭೂತಗನ್ನಡಿ ತರಿಸಿ ಕೊಟ್ಟೆ. ನಾಲ್ಕು ಗೋಡೆ, ಒಂದು ಬಾಗಿಲು, ಎಲ್ಲ ಇದ್ದವು. "ಇಷ್ಟು ಚಿಕ್ಕ ಮನೆಯಲ್ಲೂ ಬಾಗಿಲು ಸರಿಯಾದ ಜಾಗದಲ್ಲಿದೆ" ಎಂದು ನಾನು ಹೇಳಿದ ಮೇಲೆಯೇ ಅವಳು ಅಳು ನಿಲ್ಲಿಸಿದ್ದು.

ಅಳತೆಯ ಮಾನ ತಪ್ಪಿದರೂ ಇದೇ ಗತಿ, ತಿರುಗುಮುರುಗಾಗಿ. ಮಿಲಿಮೀಟರಿನಲ್ಲಿ ಬರೆದ 3000ವನ್ನು ಯಂತ್ರ ಇಂಚು ಎಂದು ತಿಳಿದರೆ ಕೋಣೆಯ ಅಗಲ 76 ಮೀಟರ್ ದಾಟುತ್ತದೆ. ನಮ್ಮಲ್ಲಿ ಈ ತೊಡಕು ಸಹಜ. ಪಠ್ಯ ಮಿಲಿಮೀಟರಿನಲ್ಲಿದೆ, ಬಡಗಿ ಇಂಚಿನಲ್ಲಿ ಮಾತನಾಡುತ್ತಾನೆ, ಇಂಚಿಗೆ ಎಂಟು ನೂಲು ಎಂದು ಎಣಿಸುತ್ತಾನೆ, ನಿವೇಶನ 30ಕ್ಕೆ 40 ಅಡಿಯದು, ಅಜ್ಜಿ ಇನ್ನೂ ಅಂಕಣ, ಮೊಳ, ಗೇಣು ಎನ್ನುತ್ತಾಳೆ. ಈ ನಾಲ್ಕು ಭಾಷೆಗಳ ನಡುವೆ ನಿಂತು ದುಭಾಷಿಯ ಕೆಲಸ ಮಾಡಬೇಕಾದವಳು ಈ ಹುಡುಗಿ.

ಭಾಷೆ ಎಂದಾಗ ಇನ್ನೊಂದು ಮಾತು. ನಕ್ಷೆಯಲ್ಲಿ ಕೋಣೆಗಳ ಹೆಸರು ಬರೆಯಿರಿ ಎಂದರೆ ಎಲ್ಲರೂ ಲಿವಿಂಗ್, ಡೈನಿಂಗ್, ಫಾಯರ್, ಯುಟಿಲಿಟಿ ಎಂದು ಬರೆಯುತ್ತಾರೆ. ಫಾಯರ್ ಎಂದರೇನು ಎಂದು ಕೇಳಿದರೆ, ಬಾಗಿಲು ದಾಟಿದೊಡನೆ ಸಿಗುವ ಜಾಗ ಎಂಬುದು ಗೊತ್ತಿರುವುದಿಲ್ಲ. ಜಗುಲಿ ಎಂದರೇನು ಎಂದು ಕೇಳಿದರೆ ಹತ್ತು ನಿಮಿಷ ಹೇಳುತ್ತಾರೆ: ಅಲ್ಲಿ ಯಾರು ಕೂರುತ್ತಾರೆ, ಯಾರು ಅಲ್ಲಿಂದಲೇ ಹಿಂದಿರುಗುತ್ತಾರೆ, ಮಳೆಗಾಲದಲ್ಲಿ ಅದು ಹೇಗೆ ಬದಲಾಗುತ್ತದೆ. ಪಡಸಾಲೆ, ನಡುಮನೆ, ಬಚ್ಚಲು, ಹಿತ್ತಿಲು, ನಾಗಂದಿಗೆ, ಗೋಡೆಯ ಗೂಡು, ಇವೆಲ್ಲ ಅವರ ಬಾಯಲ್ಲಿವೆ, ಕಡತದಲ್ಲಿ ಮಾತ್ರ ಇಲ್ಲ. ಗೋಡೆಯಲ್ಲಿ ನಿಶ್ ಬಿಡುವುದು ಹೇಗೆ ಎಂದು ನಾನು ಪಾಠ ಮಾಡುವಾಗ, ಹುಟ್ಟಿದಾಗಿನಿಂದ ಗೂಡಿನಲ್ಲಿ ದೀಪ ಇಟ್ಟು ಬೆಳೆದವರು ಅದನ್ನು ಹೊಸ ವಿಷಯ ಎಂದು ಬರೆದುಕೊಳ್ಳುತ್ತಾರೆ. ಇದು ನನ್ನನ್ನು ನೋಯಿಸುತ್ತದೆ. ಪದ ಬದಲಾದರೆ ತಮಗೆ ಗೊತ್ತಿದ್ದದ್ದೂ ಗೊತ್ತಿಲ್ಲ ಎನಿಸಿಬಿಡುತ್ತದೆ.

ಆದ್ದರಿಂದ ಕನ್ನಡ ಟೈಪಿಂಗನ್ನು ನಾನು ಬಿಡುವುದಿಲ್ಲ. ಮೊಬೈಲಿನಲ್ಲಿ ಇವರೆಲ್ಲ ಸರಾಗವಾಗಿ ಕನ್ನಡ ಬರೆಯುತ್ತಾರೆ, ಕೀಲಿಮಣೆಯ ಮುಂದೆ ಕೂತರೆ ಇಂಗ್ಲಿಷಿಗೆ ಜಾರುತ್ತಾರೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸವನ್ನು ಆಧರಿಸಿ, ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶದಲ್ಲಿ ಅಳವಡಿಸಿದ ಕೀಲಿಮಣೆ ಎರಡು ವಾರದ ಅಭ್ಯಾಸಕ್ಕೆ ಕೈಗೆ ಕೂರುತ್ತದೆ. ಆದರೆ ಒಂದು ಎಚ್ಚರ ಹೇಳಿಯೇ ಕೊಡುತ್ತೇನೆ. ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕಡತ ಆ ಅಕ್ಷರಶೈಲಿ ಇಲ್ಲದ ಯಂತ್ರಕ್ಕೆ ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಅಲ್ಲಿ ಕನ್ನಡ ಅಕ್ಷರ ನಿಜವಾಗಿ ಇರುವುದೇ ಇಲ್ಲ, ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ಆಕಾರ ಕೂತಿರುತ್ತದೆ. ಜಗತ್ತಿನ ಲಿಪಿಗಳಿಗೆ ಬೇರೆ ಬೇರೆ ಸ್ಥಾನ ಕೊಡುವ ಯೂನಿಕೋಡ್ ಪದ್ಧತಿ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಎತ್ತಿಟ್ಟಿದೆ. ಅದರಲ್ಲಿ ಬರೆದದ್ದು ಯಾವ ಊರಿನ ಯಾವ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಳೆಯ ಅಕ್ಷರಶೈಲಿಯಲ್ಲಿ ಬರೆದ ಖರ್ಚಿನ ಪಟ್ಟಿ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪುಡಿಯಾಗಿ, ಅವಳು ಗ್ರಾಹಕರ ಮುಂದೆ ಬರಿಗೈಯಲ್ಲಿ ಕೂರಬೇಕಾಯಿತು. 2012ರಲ್ಲಿ ರಾಜ್ಯ ಸರ್ಕಾರ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ತಂದಾಗ ಅನೇಕರು ಗೊಣಗಿದ್ದರು. ನನಗೆ ಅನ್ನಿಸಿದ್ದು, ಈ ಸಾಕ್ಷರತೆ ಸರ್ಕಾರಿ ಮೇಜಿಗಿಂತ ಹೆಚ್ಚು ಬೇಕಾಗಿರುವುದು ಸ್ವಂತ ದುಡಿಮೆ ಮಾಡಹೊರಟ ಹೆಣ್ಣುಮಗಳಿಗೆ ಎಂದು. ಕಚೇರಿಯಲ್ಲಾದರೆ ಪಕ್ಕದ ಮೇಜಿನವರನ್ನು ಕೇಳಬಹುದು. ಇವಳ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಲ್ಯಾಬಿನಲ್ಲಿ ನನಗೆ ಅತ್ಯಂತ ಪ್ರಿಯವಾದ ದಿನ ವಾರ್ಡ್‌ರೋಬಿನ ಲೆಕ್ಕದ ದಿನ. ಎಕ್ಸೆಲ್ ಪಾಠವನ್ನು ಬೇರೆ ಕಡೆ ಅಂಕಪಟ್ಟಿ ಮಾಡಿಸಿ ಕಲಿಸುತ್ತಾರೆ. ನಾನು ಪ್ಲೈವುಡ್ ಲೆಕ್ಕ ಹಾಕಿಸುತ್ತೇನೆ. ಏಳು ಅಡಿ ಎತ್ತರ, ಆರು ಅಡಿ ಅಗಲ, ಎರಡು ಅಡಿ ಆಳದ ವಾರ್ಡ್‌ರೋಬ್. ಎರಡು ಪಕ್ಕ, ನಡುವೆ ಒಂದು ಅಡ್ಡಗೋಡೆ, ಮೂರು ಬಾಗಿಲು: ಈ ಆರೂ ಏಳಕ್ಕೆ ಎರಡರ ತುಂಡುಗಳು. ಮೇಲೆ ಕೆಳಗೆ ಆರಕ್ಕೆ ಎರಡರವು ಎರಡು. ಒಳಗೆ ಬಟ್ಟೆ ಇಡಲು ಮೂರಕ್ಕೆ ಎರಡರ ಅರೆಗಳು ಆರು. ಹಿಂಬದಿಗೆ ತೆಳು ಪ್ಲೈ, ಅದರ ಲೆಕ್ಕ ಬೇರೆ. ಒಂದೊಂದು ಸಾಲಿನಲ್ಲಿ ಉದ್ದ, ಅಗಲ, ಸಂಖ್ಯೆ ಬರೆದು ಗುಣಿಸಿ ಕೂಡಿಸಿದರೆ 144 ಚದರಡಿ. ಒಂದು ಶೀಟ್ ಎಂಟಕ್ಕೆ ನಾಲ್ಕರದು, 32 ಚದರಡಿ. ಭಾಗಿಸಿದರೆ ನಾಲ್ಕೂವರೆ. ಅಂದರೆ ಐದು ಶೀಟ್. ಅರೆಗಳನ್ನು ಆರರಿಂದ ಎಂಟು ಮಾಡಿದರೆ ಒಟ್ಟು ತಾನಾಗಿಯೇ ಬದಲಾಗುವುದನ್ನು ನೋಡಿ ಎಲ್ಲರೂ ಒಮ್ಮೆ ಕುರ್ಚಿಯಿಂದ ಮುಂದಕ್ಕೆ ಬಾಗುತ್ತಾರೆ. ಪುಟ ತುಂಬಾ ಕೂಡಿ ಕಳೆದು ಒಂದು ಸಂಖ್ಯೆ ತಪ್ಪಿ ಮತ್ತೆ ಮೊದಲಿನಿಂದ ಮಾಡಿದವರಿಗೆ ಮಾತ್ರ ಆ ಸುಖ ಗೊತ್ತು.

ಅಷ್ಟರಲ್ಲಿ ನಾನು ನಮ್ಮ ವರ್ಕ್‌ಶಾಪಿನ ಬಡಗಿಯನ್ನು ಕರೆಸುತ್ತೇನೆ. ಹಿರಿಯರು, ಕಿವಿಯ ಮೇಲೆ ಪೆನ್ಸಿಲ್. ಅವರು ಪಟ್ಟಿ ನೋಡಿ ತಲೆಯಲ್ಲೇ ಲೆಕ್ಕ ಹಾಕಿ ಹೇಳುತ್ತಾರೆ: ಆರು ಶೀಟ್ ಬೇಕು. ತರಗತಿ ಗೊಂದಲಕ್ಕೆ ಬೀಳುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲವಲ್ಲ? ಯಂತ್ರ ಚದರಡಿ ಎಣಿಸಿದೆ, ಅವರು ತುಂಡು ಎಣಿಸಿದ್ದಾರೆ. ಏಳಕ್ಕೆ ಎರಡರ ತುಂಡು ಒಂದು ಶೀಟಿನಲ್ಲಿ ಎರಡೇ ಬರುತ್ತವೆ, ಹಾಗಾಗಿ ಆರಕ್ಕೆ ಮೂರು ಶೀಟ್. ಮೇಲೆ ಕೆಳಗಿನವಕ್ಕೆ ಒಂದು. ಮೂರಡಿಯ ಅರೆಗಳನ್ನು ಎಂಟಡಿ ಉದ್ದಕ್ಕೆ ಸಾಲಾಗಿ ಕತ್ತರಿಸಿದರೆ ಒಂದು ಶೀಟಿಗೆ ನಾಲ್ಕು, ಆರು ಅರೆಗೆ ಎರಡು ಶೀಟ್. ಒಟ್ಟು ಆರು. ಪರದೆಯ ಮೇಲಿನ ನಾಲ್ಕೂವರೆ ಎಂಬುದು ಗರಗಸ ಕಾಣದ ಲೆಕ್ಕ.

ಮೂರು ವರ್ಷದ ಹಿಂದೆ ಒಬ್ಬ ಹುಡುಗಿ ಅಲ್ಲಿಗೇ ನಿಲ್ಲಲಿಲ್ಲ. ಆಟೋಕ್ಯಾಡಿನಲ್ಲಿ ಎಂಟಕ್ಕೆ ನಾಲ್ಕರ ಆಯತ ಬರೆದು, ತುಂಡುಗಳನ್ನು ಅದರೊಳಗೆ ಒಂದೊಂದಾಗಿ ತಂದು ಕೂರಿಸತೊಡಗಿದಳು, ಡಬ್ಬಿಯೊಳಗೆ ಚಕ್ಕುಲಿ ಜೋಡಿಸುವ ಹಾಗೆ. ನಾಲ್ಕು ಅರೆ ಇಟ್ಟ ಮೇಲೆ ಪಕ್ಕದಲ್ಲಿ ಎರಡಡಿ ಅಗಲ, ನಾಲ್ಕಡಿ ಉದ್ದದ ಪಟ್ಟಿ ಉಳಿಯಿತು. ಐದನೆಯ ಅರೆಯನ್ನು ತಿರುಗಿಸಿ ನಿಲ್ಲಿಸಿದಳು. ಕೂತಿತು. ಮೇಲೆ ಕೆಳಗಿನ ತುಂಡು ತೆಗೆದ ಶೀಟಿನಲ್ಲೂ ಅಂಥದೇ ಪಟ್ಟಿ ಉಳಿದಿತ್ತು. ಅಲ್ಲಿ ಆರನೆಯದು. ಒಟ್ಟು ಐದೇ ಶೀಟ್. ಬಡಗಿ ಪರದೆಯ ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು. "ನೂಲು ಅಡ್ಡ ಬೀಳುತ್ತದಮ್ಮ" ಎಂದರು. ಅಂದರೆ ಮರದ ಎಳೆ ಅಡ್ಡಕ್ಕೆ ತಿರುಗುತ್ತದೆ, ವಿನಿಯರ್ ಎಂಬ ತೆಳು ಮರದ ಹಾಳೆ ಹಚ್ಚಿದ್ದರೆ ಕಣ್ಣಿಗೆ ಹೊಡೆಯುತ್ತದೆ, ಉದ್ದಕ್ಕೆ ಬೇಕಾದ ಬಲವೂ ಸ್ವಲ್ಪ ಕಡಿಮೆ. "ಒಳಗಿನ ಅರೆ, ಮೇಲೆ ಲ್ಯಾಮಿನೇಟ್ ಬರುತ್ತದೆ, ಯಾರಿಗೂ ಕಾಣುವುದಿಲ್ಲ. ಆ ಎರಡರ ಮೇಲೆ ಭಾರ ಇಡುವುದಿಲ್ಲ, ಸೀರೆ ಮಾತ್ರ" ಎಂದಳು ಅವಳು. ಅವರು ಇನ್ನೊಂದು ಸಲ ನೋಡಿ, ಗರಗಸ ಪ್ರತಿ ಸೀಳಿಗೆ ಮೂರು ನಾಲ್ಕು ಮಿಲಿಮೀಟರ್ ತಿನ್ನುತ್ತದೆ, ಎರಡಡಿ ಎಂದು ಪೂರ್ತಿ ಹಿಡಿಯಬೇಡ, 600 ಮಿಲಿಮೀಟರ್ ಹಿಡಿ ಎಂದರು. ಶೀಟಿನ ಅಗಲ 1220. ಎರಡು ಆರುನೂರು ಹೋದರೆ ಗರಗಸಕ್ಕೆ 20 ಉಳಿಯುತ್ತದೆ. ಅವಳು ಬದಲಿಸಿದಳು. ಇಬ್ಬರೂ ಒಪ್ಪಿದರು.

ಒಳ್ಳೆಯ ಪ್ಲೈವುಡ್ ಶೀಟ್ ಒಂದಕ್ಕೆ ಸಾವಿರಗಟ್ಟಲೆ ರೂಪಾಯಿ. ಶೀಟಿನ ಮೇಲಿನ ಗುಣಮಟ್ಟದ ಗುರುತಿನಲ್ಲಿ ಸಾಮಾನ್ಯ ಬಳಕೆಯ ಐಎಸ್ 303 ಎಂದಿದೆಯೋ, ನೀರು ತಾಗುವ ಕಡೆಗೆ ಬೇಕಾದ ಐಎಸ್ 710 ಎಂದಿದೆಯೋ ನೋಡಿ ಕೊಳ್ಳಬೇಕು ಎಂಬುದನ್ನು ಅದೇ ದಿನ ಹೇಳಿ ಮುಗಿಸುತ್ತೇನೆ. ಆದರೆ ಅಂದು ನನ್ನ ಮನಸ್ಸಿನಲ್ಲಿ ಉಳಿದದ್ದು ಉಳಿತಾಯದ ಹಣವಲ್ಲ. ಮೂವತ್ತು ವರ್ಷ ಗರಗಸ ಹಿಡಿದವರೊಬ್ಬರು ಹತ್ತೊಂಬತ್ತರ ಹುಡುಗಿಯ ಜೊತೆ ಸಮನಾಗಿ ನಿಂತು ವಾದ ಮಾಡಿದರು. ಬಾಯಿಮಾತಿನಲ್ಲಿ ಹೇಳಿದ್ದರೆ "ನಿನಗೇನು ಗೊತ್ತು" ಎಂದು ಮುಗಿಯುತ್ತಿತ್ತು. ತುಂಡುಗಳು ಕಣ್ಣೆದುರು ಕೂತಿದ್ದವು, ಹಾಗಾಗಿ ಮಾತು ಮುಂದುವರಿಯಿತು.

ಮೂರನೇ ಸೆಮಿಸ್ಟರಿನಲ್ಲಿ ನಾನು ಕೊಡುವ ಮನೆಗೆಲಸ ಒಂದೇ: ನಿಮ್ಮ ಮನೆಯ ಅಡುಗೆಮನೆಯನ್ನು ಅಳೆದು ಬನ್ನಿ. ಅಡುಗೆ ಮಾಡುವವರನ್ನೂ ಅಳೆದು ಬನ್ನಿ. ಹಿಂದೆ ನಿಯತಕಾಲಿಕೆಗಳ ಹೊಳೆಯುವ ಅಡುಗೆಮನೆಯ ಚಿತ್ರ ಅಂಟಿಸಿ ತರಲು ಹೇಳುವ ರೂಢಿ ಇತ್ತು. ಅದನ್ನು ಕೈಬಿಟ್ಟೆ. ಆ ಚಿತ್ರಗಳಲ್ಲಿ ಒಗ್ಗರಣೆಯ ಹೊಗೆ ಇಲ್ಲ, ಕುಕ್ಕರ್ ಇಲ್ಲ, ನೆನೆಹಾಕಿದ ಉದ್ದು ಇಲ್ಲ, ಮುಖ್ಯವಾಗಿ ಮನುಷ್ಯರಿಲ್ಲ.

ಮನೆಗೆಲಸಕ್ಕೆ ಮುಂಚೆ ಫ್ರಾಂಕ್‌ಫರ್ಟ್ ಅಡುಗೆಮನೆಯ ಪಾಠ ಮಾಡುತ್ತೇನೆ. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟಿನ ಕಾರ್ಮಿಕರ ವಸತಿಗಳಿಗೆ ಅದನ್ನು ರೂಪಿಸಿದಳು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ, ರೈಲಿನ ಅಡುಗೆ ಡಬ್ಬಿಯ ಹಾಗೆ ಇಕ್ಕಟ್ಟಿನಲ್ಲೂ ಎಲ್ಲವೂ ಕೈಗೆಟುಕುವಂತೆ. ಹತ್ತು ಸಾವಿರದಷ್ಟು ಮನೆಗಳಿಗೆ ಅದು ಹೋಯಿತು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಹೆಜ್ಜೆ ಎಂದು ಗಡಿಯಾರ ಹಿಡಿದು ಎಣಿಸಿ ಮಾಡಿದ ಅಡುಗೆಮನೆ. ಅದರಲ್ಲಿ ನನಗೆ ಇಷ್ಟವಾದದ್ದು ಕಿಟಕಿಯ ಕೆಳಗಿನ ಮೇಜು ಮತ್ತು ಅದರ ಮುಂದಿನ ತಿರುಗುವ ಸ್ಟೂಲು. ಹೆಚ್ಚುವಾಗ, ಸೋಸುವಾಗ ಕೂತು ಮಾಡಬಹುದು ಎಂದು ಅವಳಿಗೆ ಹೊಳೆದಿತ್ತು.

ನಮ್ಮಲ್ಲಿ ಹೆಂಗಸರು ಕೂತೇ ಮಾಡುತ್ತಿದ್ದರು. ಈಳಿಗೆ ಮಣೆಯ ಮುಂದೆ ಕೂತು ಹೆಚ್ಚಿದರು, ಒರಳಿನ ಮುಂದೆ ಕೂತು ರುಬ್ಬಿದರು, ಒಲೆಯ ಮುಂದೆ ಕೂತು ಊದಿದರು. ಹೊಗೆ ಕಣ್ಣು ಸುಟ್ಟಿತು, ಅದನ್ನು ನಾನು ಹಾಡಿ ಹೊಗಳುವುದಿಲ್ಲ. ಗ್ಯಾಸ್ ಬಂತು, 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಇನ್ನಷ್ಟು ಮನೆಗಳಿಗೆ ಬಂತು. ಗ್ಯಾಸಿನ ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು, ಅದಕ್ಕೊಂದು ಕಟ್ಟೆ ಬೇಕು. ಮೇಸ್ತ್ರಿ ಬಂದು ಎಲ್ಲರಿಗೂ ಹಾಕುವ ಅಳತೆಗೆ ಕಡಪ ಕಲ್ಲು ಕೂರಿಸಿ ಹೋದ. ನೆಲದಲ್ಲಿ ಕೂತಿದ್ದವಳು ಎದ್ದು ನಿಂತಳು. ಎದ್ದು ನಿಂತಾಗ ಅವಳೆಷ್ಟು ಎತ್ತರ ಎಂದು ಯಾರೂ ಕೇಳಲಿಲ್ಲ.

ಮೌಸ್ ಹಿಡಿದು ಮೇಜಿನ ಅಂಚಿನಲ್ಲಿ ನಿಂತಿದ್ದಳಲ್ಲ, ಆ ಹುಡುಗಿ ಈ ವರ್ಷ ಮೂರನೇ ಸೆಮಿಸ್ಟರಿಗೆ ಬಂದಳು. ಹಾಸನದ ಕಡೆಯ ಹಳ್ಳಿ. ಟೇಪು ಹಿಡಿದು ಊರಿಗೆ ಹೋದವಳು ಸೋಮವಾರ ಒಂದು ಹಾಳೆ ತಂದಳು. ಕಟ್ಟೆಯ ಎತ್ತರ 34 ಇಂಚು, ಅಂದರೆ 864 ಮಿಲಿಮೀಟರ್. ಅಮ್ಮನ ಎತ್ತರ ನಾಲ್ಕು ಅಡಿ ಹತ್ತು ಇಂಚು. ಮೊಣಕೈ ಮಡಚಿ ನಿಂತಾಗ ನೆಲದಿಂದ ಮೊಣಕೈಗೆ 915 ಮಿಲಿಮೀಟರ್. ಅದರ ಕೆಳಗೆ ಇನ್ನೊಂದು ಸಾಲು, ನಾನು ಕೇಳದೇ ಇದ್ದದ್ದು: "ಅಮ್ಮ ಮಣೆಯ ಮೇಲೆ ನಿಂತು ಅಡುಗೆ ಮಾಡುತ್ತಾಳೆ. ಮಣೆಯ ಎತ್ತರ 4 ಇಂಚು."

ಊಟಕ್ಕೆ ಕೂರುವ ಹಲಸಿನ ಮಣೆ. ಒಲೆಯ ಮುಂದೆ ಇದ್ದೇ ಇರುತ್ತದಂತೆ. ಹಾಲು ಉಕ್ಕಿದಾಗ ಓಡಿ ಬಂದರೆ ಮೊದಲು ಮಣೆ ಹತ್ತಬೇಕು, ಆಮೇಲೆ ಒಲೆ ಆರಿಸಬೇಕು. ಒಮ್ಮೆ ಕಾಲು ಜಾರಿ ಮುಂಗೈ ಮೇಲೆ ಸಾರು ಚೆಲ್ಲಿಕೊಂಡ ಗುರುತಿದೆ. ಹನ್ನೊಂದು ವರ್ಷದಿಂದ ಹೀಗೆ. ಮನೆಯಲ್ಲಿ ಯಾರಿಗೂ ಅದು ವಿಚಿತ್ರ ಎನಿಸಿರಲಿಲ್ಲ, ಇವಳಿಗೂ ಟೇಪು ಹಿಡಿಯುವವರೆಗೆ ಎನಿಸಿರಲಿಲ್ಲ.

ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. ನಿಂತು ಕೆಲಸ ಮಾಡುವ ಕಟ್ಟೆ ಮೊಣಕೈಗಿಂತ 100ರಿಂದ 150 ಮಿಲಿಮೀಟರ್ ಕೆಳಗಿರಬೇಕು ಎಂಬುದು ಪಾಠದಲ್ಲಿ ಬರುವ ಸೂತ್ರ. 915ರಲ್ಲಿ ಕಳೆದರೆ 765ರಿಂದ 815. ಒಲೆ ಕಟ್ಟೆಯ ಮೇಲೆ ಕೂರುವುದರಿಂದ, ಅದರ ಮೇಲೆ ಪಾತ್ರೆ ಇನ್ನೂ ಎತ್ತರಕ್ಕೆ ಬರುವುದರಿಂದ, ಒಲೆಯಿರುವ ಭಾಗಕ್ಕೆ ಕಡಿಮೆಯ ಅಳತೆಯನ್ನೇ ಹಿಡಿಯಬೇಕು. ಹಿಡಿದೆವು: 765. ಆಮೇಲೆ ಅವಳೇ ಇನ್ನೊಂದು ಕಡೆ 864ರಲ್ಲಿ ಮಣೆಯ ನಾಲ್ಕು ಇಂಚು, ಅಂದರೆ ನೂರು ಮಿಲಿಮೀಟರ್ ಚಿಲ್ಲರೆ ಕಳೆದಳು. ಸುಮಾರು 762. ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಒಂದು ದಿನವೂ ಟೇಪು ಮುಟ್ಟದ ಹೆಂಗಸು ತನಗೆ ಬೇಕಾದ ಎತ್ತರವನ್ನು ಮೂರು ಮಿಲಿಮೀಟರಿನ ಅಂತರದಲ್ಲಿ ಹುಡುಕಿಕೊಂಡಿದ್ದಳು. ಕಾಲ ಕೆಳಗೆ ಇಟ್ಟುಕೊಂಡು ಹನ್ನೊಂದು ವರ್ಷ ನಿಂತಿದ್ದಳು. ಅವಳಿಗೆ ಇಲ್ಲದೇ ಹೋದದ್ದು ಅದನ್ನು ಮೇಸ್ತ್ರಿಗೆ ಹೇಳುವ ದಾರಿ.

ಕೋರ್ಸು ಎಂದರೆ ನನಗೆ ಈಗ ಇದೇ. ಅಭಿರುಚಿ ಕಲಿಸುತ್ತೇವೆ ಎಂದು ಹೇಳುವ ಕಡೆ ನನಗೆ ನಂಬಿಕೆ ಕಡಿಮೆ. ಹಸೆ ಬರೆಯುವ, ರಂಗೋಲಿ ಇಡುವ, ಕೆಮ್ಮಣ್ಣಿನಿಂದ ಅಂಚು ಸಾರಿಸುವ ಮನೆಗಳಿಂದ ಬಂದವರಿಗೆ ಬಣ್ಣದ ಬಗ್ಗೆ ನಾನು ಹೇಳಿಕೊಡುವುದು ಅಷ್ಟರಲ್ಲೇ ಇದೆ. ಅವರು ಬರುವಾಗಲೇ ತಂದಿರುವ ತಿಳಿವಳಿಕೆಯನ್ನು ಇನ್ನೊಬ್ಬರು ತಳ್ಳಿಹಾಕಲಾಗದಂತೆ ಕಾಗದದ ಮೇಲೆ ಇಳಿಸುವುದನ್ನು ಕಲಿಸಬೇಕು. ಅದಕ್ಕೆ ಗೆರೆ ಬೇಕು, ಪ್ರಮಾಣ ಬೇಕು, ಕಡತ ಬೇಕು, ಕನ್ನಡದಲ್ಲಿ ಟೈಪ್ ಮಾಡಿದ ನಾಲ್ಕು ಸಾಲು ಬೇಕು. ಬೇಸಿಕ್ ಎಂದು ಕರೆದು ಮೂಲೆಗೆ ತಳ್ಳಿದ ಆ ವಿಷಯದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅವಳು ನಕ್ಷೆ ಮಾಡಿದಳು. ಕಟ್ಟೆ ಎರಡು ಮಟ್ಟದ್ದು: ಹೆಚ್ಚುವ ಭಾಗ 815, ಒಲೆಯ ಭಾಗ 760. ತಗ್ಗಿಸಿದ ಕಲ್ಲಿನ ಅಡಿಗೆ ಸಿಲಿಂಡರ್ ರೆಗ್ಯುಲೇಟರ್ ಸಮೇತ ಕೂರುತ್ತದೆಯೇ ಎಂದು ಇನ್ನೊಮ್ಮೆ ಊರಿಗೆ ಹೋಗಿ ಅಳೆದು ಬಂದಳು. 1:20ರಲ್ಲಿ ಎ4 ಹಾಳೆಯ ಮೇಲೆ ಅಡ್ಡಸೀಳು ನೋಟ, ಪಕ್ಕದಲ್ಲಿ ಕನ್ನಡದಲ್ಲಿ ಆರು ಸಾಲು ವಿವರಣೆ, ಮಿಲಿಮೀಟರಿನ ಜೊತೆಗೆ ಇಂಚು. ಕೆಳಗಿನ ಬಲಮೂಲೆಯ ಚೌಕಟ್ಟಿನಲ್ಲಿ ಯೋಜನೆ: ನಮ್ಮ ಅಡುಗೆಮನೆ. ಬರೆದವರು ಎಂಬಲ್ಲಿ ಅವಳ ಹೆಸರು. ಅದರ ಕೆಳಗೆ, ಪಠ್ಯದಲ್ಲಿ ಇಲ್ಲದ ಒಂದು ಸಾಲು ಸೇರಿಸಿದ್ದಳು: ಅಳತೆ ಕೊಟ್ಟವರು. ಅಲ್ಲಿ ಅಮ್ಮನ ಹೆಸರು ಇತ್ತು. ಅಂಕ ಕೊಡುವ ಪೆನ್ನು ಹಿಡಿದು ನಾನು ಆ ಚೌಕಟ್ಟನ್ನೇ ನೋಡುತ್ತಾ ಕೂತಿದ್ದೆ.

ಯುಗಾದಿಗೆ ಮುಂಚೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಪ್ಪ ಮೇಸ್ತ್ರಿಯನ್ನು ಕರೆಸಿದರಂತೆ. ಮೇಸ್ತ್ರಿ ಮೊದಲು, ಎಲ್ಲರ ಮನೆಯಲ್ಲೂ ಹೀಗೆಯೇ ಇರುವುದು ಎಂದರಂತೆ. ಹಾಳೆ ಕೈಗೆ ಬಂದ ಮೇಲೆ ಬಾಗಿಲ ಬೆಳಕಿಗೆ ಹಿಡಿದು ಓದಿ, ಟೇಪು ತೆಗೆದು, ಎರಡು ಕಡೆ ಇದ್ದಲಿನಿಂದ ಗುರುತು ಹಾಕಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರಂತೆ. ಹಬ್ಬದ ದಿನ ಅವಳು ಮೊಬೈಲಿಗೆ ಒಂದು ಫೋಟೊ ಕಳಿಸಿದಳು. ಅಮ್ಮ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಾಳೆ, ಮೈ ಪೂರ್ತಿ ಕಾಣುವಂತೆ ದೂರದಿಂದ ತೆಗೆದದ್ದು. ಚಿತ್ರ ತೆರೆದ ಕೂಡಲೇ ನನ್ನ ಕಣ್ಣು ಹೋದದ್ದು ಪಾದಗಳ ಕಡೆಗೆ. ಎರಡೂ ನೆಲದ ಮೇಲಿದ್ದವು.